ತಲೆಗೆ ನೀರು ಅಂದರೆ ಅಳು

ನಮ್ಮ ಪುಟ್ಟಿಗೆ ಒಂದೂವರೆ ವರ್ಷ ತುಂಬುವವರೆಗೂ ಸ್ನಾನ ಅಂದರೆ ಸಂಭ್ರಮ. ಆಮೇಲೆ ಇದ್ದಕ್ಕಿದ್ದ ಹಾಗೆ ಬಚ್ಚಲುಮನೆ ಬಾಗಿಲು ಕಂಡರೆ ಸಾಕು, ನನ್ನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಂಡು "ಬೇಡಾ" ಅಂತ ಕಿರುಚಲು ಶುರು ಮಾಡಿದಳು. "ಎರಡು ಚೊಂಬು ಸುರಿದು ಎತ್ಕೊಂಡು ಬಾಮ್ಮ, ಅತ್ರೆ ಏನಾಗುತ್ತೆ" ಅಂದರು ಅತ್ತೆ. ನನಗೆ ಮನಸ್ಸು ಬರಲಿಲ್ಲ. ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುವಾಗ ಮೈಯೆಲ್ಲ ನೆನೆಸಿಕೊಂಡು ನಗುವ ಮಗು ಇದು. ಅಂದಮೇಲೆ ನೀರಿನ ಭಯ ಅಲ್ಲ, ಅಲ್ವಾ?

ಗಮನವಿಟ್ಟು ನೋಡಿದೆ. ಕಾಲಿಗೆ, ಬೆನ್ನಿಗೆ ನೀರು ಹಾಕಿದರೆ ಸುಮ್ಮನಿರುತ್ತಾಳೆ. ಚೊಂಬು ತಲೆಗಿಂತ ಮೇಲೆ ಹೋಯಿತೋ, ಭುಜ ಕಿವಿಗೆ ತಾಗುವಷ್ಟು ಮುದುಡಿಕೊಳ್ಳುತ್ತಾಳೆ. ನೀರು ಯಾವಾಗ ಬೀಳುತ್ತೆ ಅಂತ ಅವಳಿಗೆ ಕಾಣುವುದಿಲ್ಲ. ಬಿದ್ದ ಮೇಲೆ ಕಣ್ಣು ಉರಿ, ಮೂಗಿನಲ್ಲಿ ನೀರು. ಈ ವಯಸ್ಸಿನ ಮಕ್ಕಳಿಗೆ ಇಂಥ ಭಯ ಹೊಸದಾಗಿ ಹುಟ್ಟುವುದು ಮಾಮೂಲು. ಕೆಲವು ಮಕ್ಕಳಿಗೆ ನೀರು ಹೋಗುವ ತೂತು ಕಂಡರೆ ಭಯ, ಕೆಲವರಿಗೆ ನಲ್ಲಿಯ ಸದ್ದು. ನಿಮ್ಮ ಮಗುವಿಗೆ ಯಾವುದು ಅಂತ ಹುಡುಕುವುದೇ ಮೊದಲ ಕೆಲಸ.

ಬಾಣಂತನದಲ್ಲಿ ಅಮ್ಮನ ಮನೆಗೆ ಮಗುವಿಗೆ ಎರೆಯಲು ಒಬ್ಬರು ಅಜ್ಜಿ ಬರುತ್ತಿದ್ದರು. ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಅಂಗಾತ ಮಲಗಿಸಿಕೊಳ್ಳುತ್ತಿದ್ದರು. ಎಡಗೈಯನ್ನು ಹಣೆಯ ಮೇಲೆ, ಹುಬ್ಬಿಗೆ ಸ್ವಲ್ಪ ಮೇಲೆ, ಸೂರಿನ ಹಾಗೆ ಅಡ್ಡ ಹಿಡಿದು ಬಲಗೈಯಿಂದ ನೀರು ಬಿಡುತ್ತಿದ್ದರು. ಅಷ್ಟೂ ನೀರು ಹಿಂದಕ್ಕೆ ಹರಿದುಹೋಗುತ್ತಿತ್ತು. ಮಗು ಅವರ ಮುಖವನ್ನೇ ನೋಡುತ್ತಾ ಮಲಗಿರುತ್ತಿತ್ತು. ನಡೆಯಲು ಬಂದ ಮೇಲೆ ನಾವು ಮಕ್ಕಳನ್ನು ನಿಲ್ಲಿಸಿ ಸುರಿಯುತ್ತೇವೆ. ನಾನು ಮತ್ತೆ ಅಜ್ಜಿಯ ದಾರಿಗೆ ಬಂದೆ. ಕಾಲ ಮೇಲೆ ಅಂಗಾತ ಮಲಗಿಸಿ, ಹಣೆಗೆ ಮಡಚಿದ ಬಟ್ಟೆ ಒತ್ತಿ ಹಿಡಿದು, "ಈಗ ಬರ್ತಿದೆ" ಅಂತ ಹೇಳಿ ಆಮೇಲೆ ನೀರು ಬಿಡುತ್ತೇನೆ. ಹೇಳದೆ ಒಂದು ಹನಿಯೂ ಇಲ್ಲ. ನಿಜವಾಗಿ ಕೆಲಸ ಮಾಡಿದ್ದು ಇದೇ.

ಇದಕ್ಕೂ ಮೊದಲು ಕೆಲವು ದಿನ ತಲೆಸ್ನಾನದ ಮಾತೇ ಎತ್ತಲಿಲ್ಲ. ಪುಟ್ಟ ಸ್ಟೀಲ್ ಲೋಟ ಕೊಟ್ಟೆ. ಮೊದಲು ಗೊಂಬೆಗೆ ಸ್ನಾನ, ಆಮೇಲೆ ತನ್ನ ಕಾಲಿಗೆ, ಆಮೇಲೆ ಹೊಟ್ಟೆಗೆ. ಸೋಪು ಕೊನೆಯಲ್ಲಿ, ಅದೂ ಬೇಕಾದ ಕಡೆಗೆ ಮಾತ್ರ. ಪುಟ್ಟ ಮಕ್ಕಳಿಗೆ ದಿನಾ ಸೋಪು ಹಚ್ಚಿ ತಿಕ್ಕಲೇಬೇಕು ಅಂತೇನಿಲ್ಲ, ಚರ್ಮ ಒಣಗುತ್ತೆ. ತೀರಾ ಹಟ ಹಿಡಿದ ದಿನ ಮುಖ, ಕೈಕಾಲು, ಕಂಕುಳು, ತೊಡೆಸಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ. ನಮ್ಮ ಮನೆಯಲ್ಲಿ ಸ್ನಾನ ಮಾಡದೆ ತಿಂಡಿ ಇಲ್ಲ ಅನ್ನುವ ನಿಯಮ ಇತ್ತು. ಮಗುವಿಗೆ ಅದನ್ನು ಸಡಿಲಿಸಿದೆವು. ಹಸಿದ ಮಗುವಿಗೆ ಎರೆಯಲು ಹೋದರೆ ಅಳು ದುಪ್ಪಟ್ಟು.

ನೀರಿನ ಬಿಸಿಯನ್ನೂ ನೋಡಿ. ನಮಗೆ ಹದವಾಗಿರುವ ನೀರು ಅವರಿಗೆ ಜಾಸ್ತಿ ಬಿಸಿ. 37–38 ಡಿಗ್ರಿ ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಗೀಸರ್ ನೀರು, ಚೆನ್ನಾಗಿ ಕಲಕಿ ಮೊಣಕೈ ಅದ್ದಿ ನೋಡಿ.

ನೀರು ತಾಗಿದ ಕೂಡಲೇ ಚೀರಿದರೆ ಅದನ್ನು ಹಟ ಅಂದುಕೊಳ್ಳಬೇಡಿ. ತೊಡೆಸಂದಿನಲ್ಲಿ ಕೆಂಪಾಗಿದೆಯಾ, ಎಲ್ಲಾದರೂ ತರಚಿದೆಯಾ, ಕಿವಿ ಮುಟ್ಟಿದರೆ ಅಳುತ್ತಾ ಅಂತ ನೋಡಿ. ಹಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಸ್ನಾನ ಒಗ್ಗಿದ ಮಗು ತಾನೇ ಬಕೆಟ್ಟಿನ ಹತ್ತಿರ ಓಡುತ್ತೆ. ಟವೆಲ್ ತರಲು ಹೋಗಬೇಕಾದರೂ ಮಗುವನ್ನು ಎತ್ತಿಕೊಂಡೇ ಹೋಗಿ. ಕೆಲವೇ ಇಂಚು ನೀರಿನಲ್ಲೂ ಮಕ್ಕಳು ಮುಳುಗುತ್ತಾರೆ, ಸದ್ದೇ ಆಗುವುದಿಲ್ಲ. ಸ್ನಾನ ಮುಗಿದ ಮೇಲೆ ಉಳಿದ ನೀರು ಚೆಲ್ಲಿ, ಬಕೆಟ್ ಬೋರಲು ಹಾಕಿ, ಬಚ್ಚಲುಮನೆಯ ಚಿಲಕ ಹಾಕಿ.