ಆ ಹಾಡಿನ ಎರಡನೇ ಚರಣ

ಆ ಹಾಡು ಬರೋದು ನನಗೆ ಮೊದಲೇ ಗೊತ್ತಾಗುತ್ತದೆ. ಚಿನ್ನದಂಗಡಿಯ ಜಾಹೀರಾತು ಮುಗಿಯುತ್ತದೆ, ಆರ್‌ಜೆ ಗಡಿಬಿಡಿಯಲ್ಲಿ ಏನೋ ಹೇಳಿ ನಗುತ್ತಾರೆ, ಆಮೇಲೆ ತಮಟೆಯ ಒಂದೇ ಒಂದು ಏಟು. ಅಷ್ಟು ಸಾಕು. ಮೆಷಿನ್ ಪೆಡಲ್ ಮೇಲಿಂದ ನನ್ನ ಕಾಲು ತಾನಾಗೇ ಎದ್ದುಬಿಡುತ್ತದೆ.

ಮೈಸೂರಿನ ನಂಜುಮಳಿಗೆ ಹತ್ತಿರ ನಂದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸು, ಕುಚ್ಚು. ಈ ಕೆಲಸದಲ್ಲಿ ಕೈಗೂ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಹಾಗಾಗಿ ರೇಡಿಯೋ ಇಲ್ಲದೆ ನಮ್ಮ ದಿನ ಸಾಗೋದಿಲ್ಲ. ನನ್ನ ಜೊತೆ ಹೆಮ್ಮಿಂಗು, ಹುಕ್ಸು ಮಾಡೋ ಹುಡುಗಿಗೆ ಎಫ್‌ಎಂ ಅಂದರೆ ಪ್ರಾಣ. "ಇರ್ಲಿ ಬಿಡಿ ಅಕ್ಕಾ, ಹಾಡಿದ್ರೆ ಕೈ ಬೇಗ ಓಡುತ್ತೆ" ಅನ್ನುತ್ತಾಳೆ. ಅದು ನಿಜವೇ. ಅವಳ ಕೈ ನಿಜವಾಗಲೂ ಬೇಗ ಓಡುತ್ತದೆ.

ಗೌರಿ ಹಬ್ಬಕ್ಕೆ ಮುಂಚಿನ ಒಂದು ಶನಿವಾರ, ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ನಾನು ಆ ಹಾಡಿಗೆ ಒಂದೊಂದು ಗೀಟು ಹಾಕುತ್ತಾ ಬಂದೆ. ಬೆಳಿಗ್ಗೆ 10ಕ್ಕೆ ಬಾಗಿಲು ತೆಗೆದು ರಾತ್ರಿ 8ಕ್ಕೆ ಷಟರ್ ಎಳೆಯುವಷ್ಟರಲ್ಲಿ ಏಳು ಗೀಟು. ಕೇಳಿದ್ದನ್ನೇ ಕೇಳಿಸುವುದಕ್ಕೆ ನನಗೆ ಬೇಸರವಿದೆ. ಆದರೆ ನನ್ನ ಸಿಟ್ಟು ಅದಕ್ಕಲ್ಲ, ಹಾಡಿನಲ್ಲಿರೋ ಮಾತಿಗೆ.

ಹಾಡಿನ ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಹುಡುಗ ಹುಡುಗಿಯ ಹಿಂದೆ ಬೀಳುತ್ತಾನೆ. ಅವಳು ಒಪ್ಪೋದಿಲ್ಲ. ಅಷ್ಟೇ ಕಥೆ. ಅಲ್ಲಿಂದ ಮುಂದಕ್ಕೆ ಅವಳು ಕೈಕೊಟ್ಟವಳು, ದುಡ್ಡು ನೋಡಿ ಹೋದವಳು, ಅವಳಿಗೆ ಒಳ್ಳೇದಾಗಲ್ಲ. ಪಲ್ಲವಿಯಲ್ಲಿ ಬರೀ ಅಳು. ಎರಡನೇ ಚರಣಕ್ಕೆ ಬರುವಾಗ ಬೈಗುಳ, ಒಬ್ಬಳಿಗಲ್ಲ, ಹುಡುಗಿಯರ ಜಾತಿಗೇ. ಒಲ್ಲೆ ಅಂದವಳು ಏನು ತಪ್ಪು ಮಾಡಿದಳು ಅಂತ ಹಾಡಿನ ಉದ್ದಕ್ಕೂ ಎಲ್ಲೂ ಇಲ್ಲ. ಒಲ್ಲೆ ಅಂದಿದ್ದೇ ತಪ್ಪು.

ಮನೆಯಲ್ಲಿ ಒಬ್ಬಳೇ ಇದ್ದಾಗ ಕೇಳಿದ್ದರೆ ಸುಮ್ನೆ ಆಫ್ ಮಾಡಿಬಿಡುತ್ತಿದ್ದೆನೋ ಏನೋ. ಆದರೆ ಅವತ್ತು ಪಿಯುಸಿ ಹುಡುಗಿಯೊಬ್ಬಳು ಬಂದಿದ್ದಳು. ಕಾಲೇಜಿನ ಬೀಳ್ಕೊಡುಗೆಗೆ ಸೀರೆ ಉಡಬೇಕು, ಮೊದಲನೇ ಬ್ಲೌಸು. ಅಮ್ಮನ ಹಸಿರು ಮೈಸೂರು ಸಿಲ್ಕ್ ಸೀರೆಯನ್ನು ಪೇಪರಲ್ಲಿ ಸುತ್ತಿಕೊಂಡು ತಂದಿದ್ದಳು. ಮೊದಲ ಸಲ ಅಳತೆ ಕೊಡುವಾಗ ಹುಡುಗಿಯರಿಗೆ ನಾಚಿಕೆ ಜಾಸ್ತಿ, ಭುಜ ಮುದುಡಿಕೊಂಡು ನಿಲ್ಲುತ್ತಾರೆ. ಹಾಗೇ ನಿಂತರೆ ಅಳತೆ ತಪ್ಪುತ್ತದೆ. "ನೆಟ್ಟಗೆ ನಿಂತ್ಕೋ ಪುಟ್ಟಾ, ಉಸಿರು ಬಿಡು" ಅಂತ ಹೇಳಿ ಟೇಪು ಸುತ್ತಿದೆ. ಅಷ್ಟರಲ್ಲಿ ಹಾಡು ಶುರುವಾಯಿತು. ಹುಡುಗಿಯ ಭುಜ ಸಡಿಲವಾಯಿತು. ಎರಡು ಕೈಯನ್ನೂ ಅಗಲಕ್ಕೆ ಎತ್ತಿಕೊಂಡು, ಕನ್ನಡಿ ನೋಡುತ್ತಾ, ಹಾಡಿನ ಜೊತೆ ತುಟಿ ಆಡಿಸತೊಡಗಿದಳು. ಒಂದು ಮಾತೂ ಬಿಡಲಿಲ್ಲ. ಎರಡನೇ ಚರಣವೂ ಅವಳಿಗೆ ಬಾಯಿಪಾಠ. ತನ್ನಂಥವಳಿಗೇ ಹಾಕುವ ಶಾಪವನ್ನು ಆ ಮಗು ನಗುನಗುತ್ತಾ ಹಾಡುತ್ತಿತ್ತು. ಟೇಪು ಹಿಡಿದ ಕೈ ಹಾಗೇ ನಿಂತಿತು. ಎಷ್ಟು ಇಂಚು ಅಂತ ನೋಡಿದ್ದೂ ಮರೆತುಹೋಯಿತು, ಮತ್ತೆ ಅಳೆದೆ.

"ಆ ಮಾತು ಏನು ಅಂತ ಕೇಳಿಸಿಕೊಂಡಿದ್ದೀಯಾ?" ಅಂದೆ.

"ಟ್ಯೂನ್ ಎಷ್ಟು ಚೆನ್ನಾಗಿದೆ ಅಲ್ವಾ ಆಂಟಿ" ಅಂದಳು.

ಹೌದು, ಟ್ಯೂನ್ ಚೆನ್ನಾಗಿದೆ. ನನಗೆ ಸಂಕಟವಾಗೋದೂ ಅದಕ್ಕೇ. ಕೆಟ್ಟ ರಾಗವಾಗಿದ್ದರೆ ಯಾರ ಬಾಯಿಗೂ ಹತ್ತುತ್ತಿರಲಿಲ್ಲ. ಮೊನ್ನೆ ಅಕ್ಕಿ ತೊಳೆಯುವಾಗ ನನ್ನ ಬಾಯಲ್ಲೇ ಬಂತು. ನನಗೆ ಬೇಡದ ಮಾತು ನನ್ನ ಗಂಟಲಲ್ಲಿ!

ಇನ್ನೊಂದು ವಿಷಯ. ಆಕಾಶವಾಣಿಯ ವಿವಿಧ ಭಾರತಿಯಲ್ಲಿ ಹಾಡಿಗೆ ಮೊದಲು ಚಿತ್ರ ಯಾವುದು, ಬರೆದವರು ಯಾರು, ಸಂಗೀತ ಯಾರದು, ಹಾಡಿದವರು ಯಾರು ಅಂತ ಹೇಳುವುದನ್ನು ಕೇಳಿಕೊಂಡೇ ನಾನು ಬೆಳೆದೆ. ನಮ್ಮ ಅಂಗಡಿಗೆ ಕೇಳಿಸುವ ಎಫ್‌ಎಂನಲ್ಲಿ ಬರೆದವರ ಹೆಸರು ಹೇಳುವುದೇ ಇಲ್ಲ. ಅಂಗಡಿಯೊಳಗೆ ಬಂದು ಹೆಣ್ಣುಮಕ್ಕಳನ್ನು ಬೈದು ಹೋಗುವವರು ಯಾರು ಅಂತಾದರೂ ನನಗೆ ಗೊತ್ತಾಗಬೇಡವೇ?

ಹಾಗಂತ ಇದನ್ನೆಲ್ಲ ನಿಲ್ಲಿಸಿಬಿಡಿ ಅಂತ ನಾನು ಹೇಳುವುದಿಲ್ಲ. ಅದನ್ನೂ ಒಂದು ಸಲ ಮಾಡಿ ನೋಡಿದ್ದಾಗಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮಂತ್ರಿಯಾದಾಗ ಆಕಾಶವಾಣಿಯಿಂದ ಸಿನಿಮಾ ಹಾಡುಗಳೇ ಹೊರಗೆ ಹೋದವು. ಅವರಿಗೆ ಬೇಕಿದ್ದದ್ದು ಶಾಸ್ತ್ರೀಯ ಸಂಗೀತ. ಜನ ಬಿಟ್ಟರೇ? ಶ್ರೀಲಂಕಾದ ರೇಡಿಯೋ ಸಿಲೋನ್‌ಗೆ ತಿರುಗಿಸಿಕೊಂಡರು. ನಮ್ಮಪ್ಪ ಆಗ ಹುಡುಗ. ಚಾಮರಾಜನಗರದ ಒಂದು ಹೋಟೆಲಿನಲ್ಲಿ, ಒಂದು ಲೋಟ ಕಾಫಿ ಹಿಡಿದು ಗಂಟೆಗಟ್ಟಲೆ ಸಿಲೋನ್ ಹಾಡು ಕೇಳುತ್ತಿದ್ದರಂತೆ. ಅಲೆ ಬಂದ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತಂತೆ ದನಿ. ಕೊನೆಗೆ 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರುವಾಯಿತು, ಸಿನಿಮಾ ಹಾಡು ವಾಪಸ್ ಬಂತು. ಅಪ್ಪ ಆಸೆಪಟ್ಟು ಕೇಳಿದ್ದೂ ಸಿನಿಮಾ ಹಾಡೇ. ಜನ ಇಷ್ಟಪಡೋ ಹಾಡನ್ನು ಕೀಳು ಅಂತ ಹೇಳೋ ಮನಸ್ಸು ನನಗಿಲ್ಲ. ಹಾಡಲಿ, ಕುಣಿಯಲಿ. ಮಾತು ಬರೆಯುವವರು, ಅದನ್ನು ದಿನಕ್ಕೆ ಏಳು ಸಲ ಹಾಕುವವರು, ಕನ್ನಡಿ ಮುಂದೆ ನಿಂತ ಆ ಹುಡುಗಿಯನ್ನು ಒಂದು ಸಲ ನೆನೆಸಿಕೊಳ್ಳಲಿ ಅಂತ ಕೇಳುತ್ತಿದ್ದೇನೆ.

ಅಂಗಡಿಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಮಧ್ಯಾಹ್ನ 2ರ ತನಕ ಹೆಮ್ಮಿಂಗು ಮಾಡೋ ನಮ್ಮ ಹುಡುಗಿಯ ಸ್ಟೇಷನ್, ಆಮೇಲೆ ನನ್ನ 100.6, ಮೈಸೂರು ಆಕಾಶವಾಣಿ. ಆ ಹಾಡು ಈಗಲೂ ಬೆಳಿಗ್ಗೆ ಎರಡು ಮೂರು ಸಲ ಬರುತ್ತದೆ. ನಾನು ಏನೂ ಹೇಳುವುದಿಲ್ಲ. ಆದರೆ ಯಾರಾದರೂ ಹುಡುಗಿ ಅಳತೆ ಕೊಡೋಕೆ ನಿಂತಿದ್ದರೆ, ಎರಡನೇ ಚರಣ ಬರುವ ಹೊತ್ತಿಗೆ ನಮ್ಮ ಹುಡುಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಹೋಗಿ ಸೌಂಡ್ ಕಮ್ಮಿ ಮಾಡುತ್ತಾಳೆ. ಚರಣ ಎಲ್ಲಿಗೆ ಮುಗಿಯುತ್ತೆ ಅಂತ ಅವಳಿಗೆ ಗೊತ್ತು. ಅಲ್ಲೇ ನಿಂತಿದ್ದು, ಪಲ್ಲವಿಗೆ ಮತ್ತೆ ಜೋರು ಮಾಡುತ್ತಾಳೆ.