ಹಿಂದೆ ಬರೋ ಬೈಕ್‌ನವನು

"ಬೆಸುಗೆ ನಂದು, ಸರಿ. ಹಿಂದೆ ಬರೋ ಬೈಕ್‌ನವನು ಯಾರವನು?"

ಸೋಮವಾರ ಸಂಜೆ ಸಾಗರದ ಒಂದು ಗ್ರಿಲ್ ಶಾಪ್‌ನಲ್ಲಿ ಕೇಳಿದ ಮಾತು. ಹೇಳಿದ್ದು ಅಲ್ಲಿನ ವೆಲ್ಡರ್. ವಾರ ಮುಗಿಯುತ್ತಾ ಬಂತು, ಇನ್ನೂ ತಲೆಯಿಂದ ಇಳಿದಿಲ್ಲ. ಬಾಗಿಲಿಗೆ ಬಂದ ಕೆಲಸವನ್ನು 'ಮಾಡಲ್ಲ' ಅನ್ನುವ ವೆಲ್ಡರನ್ನು ನಾನಂತೂ ನೋಡಿರಲಿಲ್ಲ.

ಕಾಳುಮೆಣಸಿನ ಕೊಯ್ಲು ಶುರುವಾಗಿದೆ. ತೋಟ ಎರಡು ಕಡೆ, ಅಲ್ಯೂಮಿನಿಯಂ ಏಣಿ ಒಂದೇ. ಬಿಚ್ಚಿದರೆ 10 ಅಡಿಯ ಎರಡು ತುಂಡು. ನಮ್ಮ ಓಮ್ನಿಯ ಉದ್ದ 11 ಅಡಿ. ಒಳಗೆ ತುರುಕಿದರೆ ಏಣಿಯ ತುದಿ ಡ್ರೈವರ್ ಕಿವಿಗೇ ಬರುತ್ತದೆ. ಟಾಪ್ ಮೇಲೆ ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಗುಜರಿ ಅಂಗಡಿಯಲ್ಲಿ ಒಂದು ಹಳೇ ಕ್ಯಾರಿಯರ್ ಸಿಕ್ಕಿತ್ತು. ಚೌಕಟ್ಟು ಗಟ್ಟಿಮುಟ್ಟು, ಕಾಲುಗಳೇ ಇಲ್ಲ. ಆ ಕಾಲು, ಅಂದರೆ ಗಾಡಿಗೆ ಕಚ್ಚಿಸುವ ಬ್ರಾಕೆಟ್, ಮನೆಯಲ್ಲೇ ಮಾಡೋಣ ಅಂತ ಹೊರಟೆ.

ಓಮ್ನಿಯಲ್ಲಿ ಇದು ಸಾಧ್ಯ. ಬಾಗಿಲ ಮೇಲೆ ಉದ್ದಕ್ಕೂ ಮಳೆನೀರು ಹರಿಯಲು ಒಂದು ಸಣ್ಣ ಕಾಲುವೆ ಇದೆ, ಅದರ ಅಂಚು ಹೊರಗೆ ಚಾಚಿಕೊಂಡಿರುತ್ತದೆ. ಈಗಿನ ಕಾರುಗಳಲ್ಲಿ ಹುಡುಕಿದರೂ ಸಿಗಲ್ಲ. 1984ರಲ್ಲಿ 'ಮಾರುತಿ ವ್ಯಾನ್' ಅಂತ ಬಂದ ಗಾಡಿ, 2019ರಲ್ಲಿ ನಿಂತುಹೋಯಿತು. ಸಿನಿಮಾದವರು ಇದನ್ನು ಕಿಡ್ನ್ಯಾಪ್ ಗಾಡಿ ಮಾಡಿಟ್ಟರು. ನಮ್ಮ ಕಡೆ ಇದು ಶಾಲೆ ಮಕ್ಕಳನ್ನೂ ಗೊಬ್ಬರದ ಚೀಲವನ್ನೂ ಆಸ್ಪತ್ರೆಯಿಂದ ಬಾಣಂತಿಯನ್ನೂ ಹೊತ್ತು ತಂದ ಗಾಡಿ.

ಹಳೇ ಮದುವೆ ಕಾಗದದ ದಪ್ಪ ರಟ್ಟನ್ನು ಆ ಅಂಚಿಗೆ ಹಿಡಿದು, ಕತ್ತರಿಸುತ್ತಾ ಕತ್ತರಿಸುತ್ತಾ ಅಚ್ಚು ತೆಗೆದೆ. ಒಂದು ತುಂಡು ಕಾಲುವೆಯೊಳಗೆ ಕೂರಬೇಕು. ಇನ್ನೊಂದು ಹೊರಗಿನಿಂದ ಬಂದು ಅಂಚಿನ ಕೆಳಗೆ ಕೊಕ್ಕೆ ಹಾಕಬೇಕು. ನಡುವೆ 8 ಎಂಎಂ ಬೋಲ್ಟು. ಬಿಗಿ ಮಾಡಿದಷ್ಟೂ ಎರಡೂ ಸೇರಿ ಅಂಚನ್ನು ಕಚ್ಚುತ್ತವೆ. ಟಾಪ್‌ಗೆ ಒಂದೂ ತೂತು ಹೊಡೆಯಬೇಕಿಲ್ಲ. 40 ಎಂಎಂ ಅಗಲ, 5 ಎಂಎಂ ದಪ್ಪದ ಕಬ್ಬಿಣದ ಪಟ್ಟಿ ತಂದು ಹ್ಯಾಕ್ಸಾದಲ್ಲಿ ಕೊಯ್ದು, ತೂತು ಹೊಡೆದೆ. ಉಳಿದಿದ್ದು ಕೊಕ್ಕೆಯ ಮೂಲೆ. ಎರಡು ತುಂಡು ಜೋಡಿಸಿ ಬೆಸುಗೆ ಹಾಕಿಸಿದರೆ ಮುಗಿಯಿತು ಅಂತ ಗ್ರಿಲ್ ಶಾಪ್‌ಗೆ ಹೋದೆವು.

ಹೋದೆವು ಅಂದರೆ, ಭಾವ ಜೊತೆಗೆ ಬಂದಿದ್ದರು. ಭಾವನಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿಲ್ಲ. ದಾರಿಯುದ್ದಕ್ಕೂ "ಆನ್‌ಲೈನ್‌ನಲ್ಲಿ ಸಿಗುತ್ತೆ ಮಾರಾಯ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದರು. ಅಂಗಡಿ ತಲುಪಿದ ಮೇಲೆ ಅವರೇ ಮುಂದೆ ನಿಂತು "ಎರಡು ಟ್ಯಾಕ್ ಹೊಡೆದು ಕೊಡಪ್ಪ, ಅಡ್ಜಸ್ಟ್ ಆಗುತ್ತೆ" ಅಂತ ಆರ್ಡರ್ ಮಾಡಿದರು. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುತ್ತಾರೆ. ಆದರೆ ಬೇರೆಯವರ ಕೆಲಸದ ಕಷ್ಟ ಅವರಿಗೆ ಕಾಣಿಸುವುದಿಲ್ಲ.

ವೆಲ್ಡರ್ ನನ್ನ ತುಂಡುಗಳನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಮೇಲೆ ಏನು ಹಾಕ್ತೀರಿ ಅಂದರು. ಏಣಿ ಅಂದೆ. "ಮೂಲೆಗೆ ಬೆಸುಗೆ ಹಾಕಲ್ಲ. ಕುಲುಕಿ ಕುಲುಕಿ ಬೆಸುಗೆ ಪಕ್ಕದಲ್ಲೇ ಬಿರುಕು ಬಿಡುತ್ತೆ. ಒಂದೇ ಪಟ್ಟಿ ಕಾಯಿಸಿ ಬಗ್ಗಿಸ್ತೀನಿ, ನಾಳೆ ಬನ್ನಿ." ಭಾವ ಬಿಡಲಿಲ್ಲ. ನಿಮ್ಮ ಬೆಸುಗೆ ಮೇಲೆ ನಿಮಗೇ ನಂಬಿಕೆ ಇಲ್ವಾ ಅಂತ ಕೆಣಕಿದರು. ಆಗ ಬಂದಿದ್ದು ಆ ಬೈಕ್‌ನವನ ಮಾತು. ಕೊನೆಗೆ ಇನ್ನೊಂದು ಸೇರಿಸಿದರು: "ಏಣಿ ಬಿದ್ರೆ ನಿಮ್ಮ ಗಾಡಿ ಮೇಲೆ ಬೀಳಲ್ಲ."

ಹಿಂದೆ ಯಾವತ್ತಾದರೂ ಹಾಗೆ ಆಗಿತ್ತಾ ಅಂತ ಕೇಳಿದೆ.

"ಆಗ್ಬೇಕಾ?" ಅಂದರು.

ಅಲ್ಲಿಂದ ಶುರುವಾಗಿದ್ದು ನೋಡಿ, ಈ ವಾರವಿಡೀ ಆ ಬೈಕ್‌ನವನು ನನ್ನ ಬೆನ್ನು ಬಿಟ್ಟಿಲ್ಲ. ಗಿರಾಕಿ ನಾನು. ದುಡ್ಡು ಕೊಡುವವನು ನಾನು. ಏಣಿ ನಂದು, ಗಾಡಿ ನಂದು. ಅಂಗಡಿಗೆ ಬರದೇ ಇದ್ದ, ಹೆಸರೂ ಇಲ್ಲದ ಒಬ್ಬನ ಪರವಾಗಿ ಆ ಮನುಷ್ಯ ನನ್ನ ಜೊತೆ ವಾದ ಮಾಡಿದರು. ಬರಬೇಕಿದ್ದ ದುಡ್ಡನ್ನೂ ಬಿಡೋಕೆ ತಯಾರಿದ್ದರು.

ರಸ್ತೆಗಿಳಿದರೆ ಈಗ ಬರೀ ಅದೇ ಕಾಣುತ್ತದೆ. ಗೂಡ್ಸ್ ಆಟೋ ಹಿಂದೆ ಕಬ್ಬಿಣದ ಸರಳು ಗಜಗಟ್ಟಲೆ ಚಾಚಿಕೊಂಡಿದೆ, ತುದಿಗೆ ಒಂದು ಕೆಂಪು ಬಟ್ಟೆ. ಹಾಗೆ ಚಾಚಿಕೊಂಡು ಸಾಗಿಸೋದನ್ನು 2014ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಕೇಳುವವರು ಯಾರು? ಕತ್ತಲಲ್ಲಿ ಆ ಬಟ್ಟೆಯ ಬಣ್ಣವೇ ಕಾಣಲ್ಲ. ಬಟ್ಟೆ ಕಟ್ಟಿದವನ ಮಟ್ಟಿಗೆ ಅಲ್ಲಿಗೆ ಅವನ ಜವಾಬ್ದಾರಿ ಮುಗಿಯಿತು, ಇನ್ನು ಹಿಂದೆ ಬರೋನೇ ನೋಡ್ಕೋಬೇಕು. ಕಾಡುಹಂದಿ ಕಾಟ ಅಂತ ಬೇಲಿಗೆ ನೇರವಾಗಿ ಕರೆಂಟ್ ಕೊಡುವವನದ್ದೂ ಅದೇ ಲೆಕ್ಕ. ರಾತ್ರಿ ಆ ದಾರಿಯಲ್ಲಿ ಬರೋನು ಯಾರು ಅನ್ನುವ ಪ್ರಶ್ನೆ ಅವನಿಗೆ ಬರೋದೇ ಇಲ್ಲ. ಕೈಗೆ ಸಿಕ್ಕಿದ್ದರಲ್ಲಿ ಏನೋ ಒಂದು ಮಾಡಿ ಹೊಂದಿಸುವವರನ್ನು ನಾವು ಬುದ್ಧಿವಂತರು ಅಂತ ಹೊಗಳುತ್ತೇವೆ. ನನಗೂ ಅಂಥ ಕೆಲಸ ಬಲು ಇಷ್ಟ. ಆದರೆ ಹೊಂದಿಸಿದ್ದು ಯಾರ ಪಾಲಿನ ಸುರಕ್ಷತೆ ಕೊಯ್ದು ಅಂತ ಕೇಳಿದ ಮೊದಲ ಮನುಷ್ಯ ಈ ವೆಲ್ಡರ್.

ಭಾವನಿಗೆ ಇದನ್ನೆಲ್ಲ ಹೇಳಿದೆ. "ಅತಿಯಾಯ್ತು. ಹಾಗೆ ನೋಡಿದ್ರೆ ಗಾಡಿನೇ ಓಡಿಸಬಾರದು" ಅಂದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಎಲ್ಲ ಅಪಾಯವನ್ನೂ ಲೆಕ್ಕ ಹಾಕುತ್ತಾ ಕೂತರೆ ಮೆಣಸು ಬಳ್ಳಿಯಲ್ಲೇ ಒಣಗುತ್ತದೆ. ಆದರೆ ಇಲ್ಲಿ ಬೇಕಾಗಿದ್ದು ಇನ್ನೊಂದು ದಿನ ಕಾಯೋದು, ಅಷ್ಟೇ ಅಲ್ವಾ?

ಮರುದಿನ ಹೋದಾಗ ಬಗ್ಗಿಸುವುದನ್ನು ನೋಡಿದೆ. ಪಟ್ಟಿಯನ್ನು ಬೈಸ್‌ಗೆ ಕಚ್ಚಿಸಿ, ಮೂಲೆ ಬರುವ ಜಾಗಕ್ಕೆ ಮಾತ್ರ ಗ್ಯಾಸ್ ಉರಿ ಹಿಡಿದರು. ಕಬ್ಬಿಣ ದಾಸವಾಳದ ಹಾಗೆ ಕೆಂಪಾಯಿತು. ಸುತ್ತಿಗೆಯಿಂದ ಜೋರಾಗಿ ಬಡಿಯಲಿಲ್ಲ, ತಟ್ಟಿ ತಟ್ಟಿ ಮಡಿಸಿದರು. ಆಮೇಲೆ ಪ್ರತಿ ಮೂಲೆಯ ಹೊರಮೈಯನ್ನು ಬೆಳಕಿಗೆ ಹಿಡಿದು ಉಗುರು ಆಡಿಸಿ ನೋಡಿದರು. ತಣ್ಣಗೆ ಬಗ್ಗಿಸಿದರೆ ಅಲ್ಲಿ ಕೂದಲೆಳೆಯ ಬಿರುಕು ಬರಬಹುದಂತೆ. ರೆಡ್ ಆಕ್ಸೈಡ್ ಬಳಿದು, ಅಂಚಿಗೆ ತಾಗುವ ಕಡೆ ಲಾರಿ ಟ್ಯೂಬಿನ ರಬ್ಬರ್ ಇಟ್ಟರು. ಬಣ್ಣ ಕಿತ್ತರೆ ತುಕ್ಕು ಅಲ್ಲಿಂದಲೇ ಶುರು. ನಾನು ತಂದಿದ್ದ ಸಾದಾ ನಟ್ಟುಗಳನ್ನು ಪಕ್ಕಕ್ಕೆ ತಳ್ಳಿ ನೈಲಾಕ್ ನಟ್ಟು ಕೊಟ್ಟರು. ಅದರೊಳಗೆ ನೈಲಾನ್ ಬಳೆ ಇರುತ್ತದೆ, ಕುಲುಕಾಟಕ್ಕೆ ಸುಲಭವಾಗಿ ಸಡಿಲವಾಗಲ್ಲ.

ಕೂರಿಸಿದ ಮೇಲೆ ಭಾವ ಕ್ಯಾರಿಯರ್ ಹಿಡಿದು ಜೋತುಬಿದ್ದರು. ನೋಡಿ ಎಷ್ಟು ಗಟ್ಟಿ ಅಂದರು. ವೆಲ್ಡರ್ ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಹಿಂದೆ ಹೋಗಿ, ಎರಡೂ ಕೈಯಲ್ಲಿ ಮುಂದಕ್ಕೆ ನೂಕಿದರು. ಬ್ರೇಕ್ ಹಾಕಿದಾಗ ಭಾರ ಹೋಗೋದು ಮುಂದಕ್ಕೆ, ಕೆಳಕ್ಕಲ್ಲ ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಮೇಲೆ 30 ಕೆಜಿ ಇದ್ದು ಜೋರಾಗಿ ಬ್ರೇಕ್ ಒತ್ತಿದರೆ ಸುಮಾರು 20 ಕೆಜಿಯಷ್ಟು ಬಲ ಮುಂದಕ್ಕೆ ತಳ್ಳುತ್ತದೆ. ಗಾಳಿ ಬೇರೆ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು.

ನಿನ್ನೆ ಏಣಿ ಕಟ್ಟಿಕೊಂಡು ತೋಟಕ್ಕೆ ಹೋಗಿ ಬಂದಾಯಿತು. 13 ನಂಬರ್ ಸ್ಪ್ಯಾನರ್ ಡ್ಯಾಶ್‌ಬೋರ್ಡಲ್ಲೇ ಇದೆ, ಮೊದಲ ಓಟದ ನಂತರ ಇನ್ನೊಮ್ಮೆ ಬಿಗಿ ಮಾಡಿ ಅಂದಿದ್ದರು. ಭಾವ ಈಗ ತಮ್ಮ ಓಮ್ನಿಗೂ ಒಂದು ಸೆಟ್ ಬೇಕು ಅಂತಿದ್ದಾರೆ. ಫೋನ್ ಮಾಡಿ, ಫೋಟೋ ಕಳಿಸ್ತೀನಿ, ಅಳತೆ ಅದರಲ್ಲೇ ತಗೊಳ್ಳಿ ಅಂದರಂತೆ. ಗಾಡಿ ತಂದು ನಿಲ್ಲಿಸಿದರೆ ಮಾತ್ರ ಮಾಡಿಕೊಡೋದು ಅಂತ ಉತ್ತರ ಬಂದಿದೆ. ಭಾವನಿಗೆ ಸಿಟ್ಟು ಬಂದಿದೆ. ಶನಿವಾರ ಹೋಗ್ತಾರಂತೆ.