“ಇಷ್ಟೆಲ್ಲಾ ಶಾರ್ಟ್‌ಕಟ್ ಹೆಂಗ ನೆನಪ ಇಟ್ಕೋತೀರಿ?”

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಂಜೆಯ ಹೊತ್ತು ನನ್ನ ಬಳಿ ಲಿನಕ್ಸ್ ಕಲಿಯಲು ಬರುವವರು ಮೊದಲ ವಾರದಲ್ಲಿಯೇ ಕೇಳುವ ಪ್ರಶ್ನೆ ಇದು. ನೆನಪಿಟ್ಟುಕೊಂಡಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಟರ್ಮಿನಲ್‌ನಲ್ಲಿ ಬರೆದ ಕಮಾಂಡುಗಳನ್ನು ನಡೆಸುವ ಬ್ಯಾಶ್ ಎಂಬ ತಂತ್ರಾಂಶದ ಕೈಪಿಡಿಯ ಕೀಲಿಗಳ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಂಡ ವರ್ಷ ನಾನು ಒಂದನ್ನೂ ಕಲಿಯಲಿಲ್ಲ. ಕಲಿಸಿದ್ದು ಕೈಗೆ ಬಂದ ಬೇಸರ.

ಮೊನ್ನೆ ಒಬ್ಬ ವಿದ್ಯಾರ್ಥಿ ಹಿಂದಿನ ದಿನ ಬಳಸಿದ್ದ ಕಡತಗಳನ್ನು ನಕಲಿಸುವ ಉದ್ದನೆಯ ಆರ್‌ಸಿಂಕ್ ಕಮಾಂಡನ್ನು ಹುಡುಕುತ್ತಾ ಮೇಲ್ಮುಖ ಬಾಣದ ಕೀಲಿಯನ್ನು ಒತ್ತುತ್ತಲೇ ಇದ್ದ. ಧಾರವಾಡದಲ್ಲಿ ಇಳಿಯಬೇಕಾದವನು ನಿದ್ದೆಗೆ ಜಾರಿ ಅಳ್ನಾವರದಲ್ಲಿ ಎಚ್ಚರಗೊಂಡಂತೆ, ಬೇಕಾದ ಸಾಲನ್ನು ದಾಟಿಹೋಗಿ ಮತ್ತೆ ಕೆಳಗಿನ ಬಾಣ ಹಿಡಿದು ಹಿಂದಿರುಗಿದ. ಅವನ ಸಿಡುಕು ಇಳಿಯುವ ಮೊದಲೇ, ಹಳೆಯ ಕಮಾಂಡುಗಳಲ್ಲಿ ಹುಡುಕುವ ಕಂಟ್ರೋಲ್-ಆರ್ ಒತ್ತಿ, ಫೋಲ್ಡರಿನ ಹೆಸರಿನ ಮೂರು ಅಕ್ಷರ ಬರೆಯಲು ಹೇಳಿದೆ. ಇಡೀ ಸಾಲು ಎದುರಿಗೆ ಬಂತು. ಅದನ್ನು ಅವನಿಗೆ ಮತ್ತೆ ಹೇಳಬೇಕಾಗಿಲ್ಲ.

ಕಂಟ್ರೋಲ್-ಯು ಹಾಗೂ ಕಂಟ್ರೋಲ್-ವೈ ಜೋಡಿಯೂ ನನಗೆ ಹೀಗೆಯೇ ಒದಗಿತು. ಅರ್ಧ ಕಮಾಂಡ್ ಬರೆದ ಮೇಲೆ, ಮೊದಲು ಬೇರೊಂದು ಫೋಲ್ಡರಿಗೆ ಹೋಗಬೇಕಿತ್ತೆಂದು ಹೊಳೆಯುತ್ತದೆ; ಆಗ ಸಾಲಿನ ಕೊನೆಯಲ್ಲಿದ್ದು ಯು ಒತ್ತಿದರೆ ಬರೆದದ್ದೆಲ್ಲ ಕತ್ತರಿಸಿ ಪಕ್ಕಕ್ಕೆ ಸರಿಯುತ್ತದೆ, ಆ ಕೆಲಸ ಮುಗಿಸಿ ವೈ ಒತ್ತಿದರೆ ಹಾಗೆಯೇ ಮರಳುತ್ತದೆ. ಈ ಕೀಲಿಗಳು ಬ್ಯಾಶ್ ಬಳಸುವ ರೀಡ್‌ಲೈನ್ ಎಂಬ, ಸಾಲು ತಿದ್ದಲು ನೆರವಾಗುವ ಲೈಬ್ರರಿಯವು, ಅದರ ರೂಢಿ ಈಮ್ಯಾಕ್ಸ್ ಎಂಬ ಎಡಿಟರ್‌ನಿಂದ ಬಂದದ್ದು. ಹೀಗಾಗಿ ಒಮ್ಮೆ ಕೈಗೆ ಹತ್ತಿದರೆ, ಅದೇ ಲೈಬ್ರರಿ ಬಳಸುವ, ಪ್ರೋಗ್ರಾಮುಗಳ ತಪ್ಪು ಹುಡುಕುವ ಜಿಡಿಬಿಯಲ್ಲಿಯೂ ಅವೇ ನಡೆಯುತ್ತವೆ.

ಪೆಟ್ಟು ತಿಂದು ಕಲಿತದ್ದೂ ಉಂಟು. ಕಡತ ಉಳಿಸುವ ಚಾಳಿಯಿಂದ ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ ಒತ್ತಿ, ಪರದೆ ಕಲ್ಲಾದದ್ದನ್ನು ಕಂಡು ಯಂತ್ರವೇ ಕೆಟ್ಟಿತೆಂದು ಭಾವಿಸಿ ಕಿಟಕಿ ಮುಚ್ಚಿದ್ದೆ. ನಡೆಯುತ್ತಿದ್ದ ಕೆಲಸವೂ ಅದರೊಂದಿಗೆ ಹೋಯಿತು. ಅದು ಹಳೆಯ ಟರ್ಮಿನಲ್‌ಗಳ ಕಾಲದಿಂದ ಉಳಿದ, ಪರದೆಗೆ ಬರುವ ಸಾಲುಗಳನ್ನು ತಡೆಹಿಡಿಯುವ ಕೀಲಿ ಎಂದೂ, ಕಂಟ್ರೋಲ್-ಕ್ಯೂ ಒತ್ತಿದ್ದರೆ ಸಾಕಿತ್ತೆಂದೂ ಆಮೇಲೆ ತಿಳಿಯಿತು.

ಆದ್ದರಿಂದ ನನ್ನ ಉತ್ತರ ಇಷ್ಟೇ: ಯಾವ ಕೆಲಸ ಕೈಯನ್ನು ಮೂರು ಸಲ ಕಾಡುತ್ತದೆಯೋ ಅದಕ್ಕೊಂದು ಕೀಲಿ ಹುಡುಕಿ, ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿ, ವಾರಪೂರ್ತಿ ಅದೊಂದನ್ನೇ ಬಳಸಬೇಕು. ಈ ವಾರ ನನ್ನ ಚೀಟಿಯಲ್ಲಿರುವುದು ಬರೆಯುತ್ತಿರುವ ಸಾಲನ್ನು ಎಡಿಟರ್‌ನಲ್ಲಿ ತೆರೆಯುವ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ. ನಿನ್ನೆಯೂ ಅದನ್ನು ಮರೆತು, ಮೂರು ಸಾಲಿನ ಕಮಾಂಡೊಂದನ್ನು ಬಾಣದ ಕೀಲಿಯಿಂದಲೇ ತೆವಳುತ್ತಾ ತಿದ್ದಿದೆ.